ಎರಡನೇ ಸಲ ಕಟಕಟೆ ಹತ್ತಿದ ಅಜ್ಜಿ

ನನ್ನ ಗಂಡ ಜೈಲಿನಲ್ಲಿದ್ದ ಕಾಲ ನೆನಪಾದರೆ ನನಗೀಗ ಅಳು ಬರುವುದಿಲ್ಲ. ಅತ್ತದ್ದೆಲ್ಲ ಮೊದಲ ಮಳೆಗಾಲಕ್ಕೇ ಮುಗಿದಿತ್ತು. ಆಮೇಲೆ ಬಾಳ್ಳುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಚಿಕ್ಕದೊಂದು ಮಳಿಗೆ ಹಿಡಿದು ರವಿಕೆ ಹೊಲಿಯಲು ಕೂತೆ. ಹೊರಗೆ ಮಂಗಳೂರಿನ ಕಡೆ ಹೋಗುವ ಲಾರಿಗಳ ಸದ್ದು, ಒಳಗೆ ನನ್ನ ಮಿಷನ್ನಿನ ಸದ್ದು. ಶಾಲೆ ಬಿಟ್ಟು ಬಂದ ಮಗಳು ಬಟ್ಟೆಯ ಚೂರುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಗೊಂಬೆಗೆ ಸೀರೆ ಉಡಿಸುತ್ತಿದ್ದಳು. ನನ್ನ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಯಾರ ಎದುರೂ ಹೇಳಿಕೊಳ್ಳದಿದ್ದರೂ ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ನನ್ನವರು ಪೇಟೆಯ ಮೇಲಿನ ಗುಡ್ಡದಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್, ಜೀಪು, ಏನು ಕೆಟ್ಟರೂ ಅವರನ್ನೇ ಕರೆಯುತ್ತಿದ್ದರು. ಕೈ ಎಷ್ಟು ಮೆದುವೋ ಬಾಯಿ ಅಷ್ಟೇ ಜೋರು. ತೊಂಬತ್ತರ ದಶಕದ ನಡುವಿನ ಒಂದು ಕೊಯ್ಲಿನಲ್ಲಿ ಎಸ್ಟೇಟಿನ ರೈಟರ್ ಜೊತೆ, ಅಂದರೆ ಆಳುಗಳ ಹಾಜರಿ ನೋಡುವ ಗುಮಾಸ್ತನ ಜೊತೆ, ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟು ಬಂದರು. ಬಂದವರು ಸುಮ್ಮನಿರಬಾರದೇ? ಹೋಟೆಲಿನಲ್ಲಿ ಹತ್ತು ಜನ ಕೇಳುವ ಹಾಗೆ, "ಸುಟ್ಟು ಹೋಗ್ಲಿ ಮಾರಾಯ ಅವ್ರ ಎಸ್ಟೇಟು" ಅಂದರು.

ಅದೇ ವಾರ, ಇನ್ನೂ ಬೆಳಕು ಸರಿಯಾಗಿ ಹರಿಯುವ ಮುಂಚೆ, ಎಸ್ಟೇಟಿನ ಸ್ಟೋರ್‌ಗೆ ಬೆಂಕಿ ಬಿತ್ತು. ಒಣಗಿಸಿ ತುಂಬಿಟ್ಟಿದ್ದ ಕಾಫಿಯೆಲ್ಲ ಸುಟ್ಟುಹೋಯಿತು. ಆರಿಸಲು ಹೋದ ಕಾವಲುಗಾರನ ಕೈಗಳು ಬೆಂದವು. ಆ ಹೊತ್ತಿನಲ್ಲಿ ನನ್ನವರು ಮನೆಯಲ್ಲಿ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಅದನ್ನು ನಾನು ಪೊಲೀಸರಿಗೂ ಹೇಳಿದೆ, ಕೋರ್ಟಿನಲ್ಲೂ ಹೇಳಿದೆ. ಹೆಂಡತಿ ಬೇರೆ ಇನ್ನೇನು ಹೇಳುತ್ತಾಳೆ ಅನ್ನುವ ಹಾಗೆ ಎಲ್ಲರೂ ತಲೆಯಾಡಿಸಿದರು.

ನನ್ನವರನ್ನು ಅಲ್ಲಿ ನೋಡಿದ್ದೇನೆ ಅಂದವಳು ಒಬ್ಬಳೇ. ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಒಂಟಿಯಾಗಿದ್ದ ಅಜ್ಜಿ. ಅವಳು ನಮಗೆ ಗೊತ್ತಿಲ್ಲದವಳಲ್ಲ. ಅವಳ ಮನೆಯ ಹಿಂದಿನ ನಲ್ಲಿ ಕೆಟ್ಟಾಗಲೆಲ್ಲ ನನ್ನವರೇ ಸರಿ ಮಾಡಿಕೊಡುತ್ತಿದ್ದರು. ಹಲಸಿನ ಕಾಲದಲ್ಲಿ ನಮ್ಮ ಮನೆಗೆ ತೊಳೆ ಬಿಡಿಸಿ ಕಳಿಸುತ್ತಿದ್ದಳು. ಆ ಅಜ್ಜಿ ಹಾಸನದ ಕೋರ್ಟಿನಲ್ಲಿ ಕಟಕಟೆ ಹತ್ತಿ, "ಹೂಂ ಸ್ವಾಮಿ, ನೋಡ್ದೆ. ಕ್ಯಾನ್ ಹಿಡ್ಕಂಡು ಸ್ಟೋರ್ ಕಡೆಯಿಂದ ಇಳೀತಿದ್ದ" ಅಂದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಹೋಟೆಲಿನ ಮಾತು, ಅಜ್ಜಿಯ ಮಾತು ಎರಡೂ ಸೇರಿ ಏಳು ವರ್ಷ ಶಿಕ್ಷೆಯಾಯಿತು. ಅವರನ್ನು ಮೈಸೂರಿನ ಜೈಲಿಗೆ ಕರೆದುಕೊಂಡು ಹೋದರು. ಹೈಕೋರ್ಟಿಗೆ ಅಪೀಲು ಹಾಕಿದೆವು. ಅದು ಅಲ್ಲಿ ತನ್ನ ಸರದಿಗೆ ಕಾಯುತ್ತ ಕೂತಿತು.

ಹೀಗೇ ಮೂರನೇ ವರ್ಷ ನಡೆಯುತ್ತಿರುವಾಗ ಒಂದು ಸಂತೆಯ ದಿನ ಮಧ್ಯಾಹ್ನ ಅಜ್ಜಿ ನನ್ನ ಮಳಿಗೆಯ ಮೆಟ್ಟಿಲ ಮೇಲೆ ಬಂದು ಕೂತಳು. ಕಣ್ಣಿಗೆ ಕಪ್ಪು ಕನ್ನಡಕ. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಅವ್ವಾ, ಸಕಲೇಶಪುರದ ಕ್ಯಾಂಪಲ್ಲಿ ನಂಗೆ ಕಣ್ಣಿನ ಪೊರೆ ತೆಗುದ್ರು."

"ಒಳ್ಳೇದಾಯ್ತು."

"ಈಗ ಎಲ್ಲಾ ಕಾಣ್ತೈತೆ. ಅಂಗಳದಲ್ಲಿ ನಿಂತ್ಕಂಡು ಸ್ಟೋರ್ ಕಡೆ ನೋಡ್ದೆ. ಇವತ್ತಿನ ಕಣ್ಣಲ್ಲೂ ಅಲ್ಲಿ ಹೋಗೋರು ಗಂಡ್ಸೋ ಹೆಂಗ್ಸೋ ತಿಳಿಯಾಕಿಲ್ಲ. ಅವತ್ತು ನಂಗೆ ಕಾಲ ಬುಡದಲ್ಲಿರೋ ಕೋಳೀನೇ ಕಾಣ್ತಿರ್ಲಿಲ್ಲ ಕಣವ್ವ."

ನನ್ನ ಕಾಲು ನಿಂತುಹೋಯಿತು. "ಹಂಗಾದ್ರೆ ಯಾಕಜ್ಜಿ ಹೇಳ್ದೆ?"

"ಯಾರೋ ಓಡ್ದಂಗೆ ನೆರಳು ಕಂಡಿತ್ತು. ರೈಟರ್ ಬಂದು, ಅವ್ನೇ ಅಲ್ವಾ ಅಜ್ಜಿ ಅಂದ್ರು. ಹೂಂ ಅಂದ್ಬುಟ್ಟೆ. ಪೊಲೀಸ್ನೋರು ಬರ್ಕಂಡ್ರು. ಕೋರ್ಟಲ್ಲಿ ಮಾತು ತಿರುಗಿಸಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ ಅಂದ್ರು. ಲೈನ್ ಮನೆ ಬಿಡಿಸ್ಬುಟ್ರೆ ಎಲ್ಲಿಗೆ ಹೋಗ್ಲಿ ಅಂತ ಹೆದರ್ಕಂಡೆ."

ಎದ್ದು ಹೋಗು ಅಂದೆ. ಅಷ್ಟು ಕೋಪ ನನಗೆ ಹಿಂದೆಂದೂ ಬಂದಿರಲಿಲ್ಲ. ಶಿಕ್ಷೆಯಾದ ದಿನವೂ ಬಂದಿರಲಿಲ್ಲ. ಅಜ್ಜಿ ಎದ್ದು ಹೋದಳು. ಮುಂದಿನ ಸಂತೆಗೆ ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ಕೂತಳು. ಅದರ ಮುಂದಿನ ಸಂತೆಗೂ ಬಂದಳು. "ಎಲ್ಲಿ ಹೇಳ್ಬೇಕೋ ಅಲ್ಲಿಗೆ ಕರ್ಕಂಡೋಗು" ಅಂದಳು. ಅಷ್ಟು ಹೊತ್ತಿಗೆ ನನ್ನ ಕೋಪ ಇಳಿದು ಬುದ್ಧಿ ಕೆಲಸ ಮಾಡತೊಡಗಿತ್ತು. ಮಳಿಗೆಗೆ ಬೀಗ ಹಾಕಿ, ಅವಳನ್ನು ಹಾಸನದ ನಮ್ಮ ವಕೀಲೆಯ ಹತ್ತಿರ ಕರೆದುಕೊಂಡು ಹೋದೆ.

ವಕೀಲೆ ನನಗಿಂತ ಚಿಕ್ಕವರು, ಗಂಭೀರ ಸ್ವಭಾವದವರು. ಅಜ್ಜಿಯನ್ನು ಮತ್ತೆ ಮತ್ತೆ ಕೇಳಿ ಎಲ್ಲ ಬರೆದುಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಮೇಲೆ ಈ ಅಜ್ಜಿಗೆ ಒಂದು ಲೋಟ ಕಾಫಿಯನ್ನೂ ಕುಡಿಸಬೇಡಿ. ಕೊಂಡುಕೊಂಡ ಸಾಕ್ಷಿ ಅಂತಾರೆ" ಅಂದರು. ವಾಪಸು ಬರುವಾಗ ಅಜ್ಜಿ ಬಸ್ಸಿನ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಕೂತು ಬಂದೆವು.

ಮೈಸೂರಿಗೆ ಹೋಗಿ ಜಾಲರಿಯ ಆಚೆ ನಿಂತಿದ್ದ ನನ್ನವರಿಗೆ ಸುದ್ದಿ ಹೇಳಿದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು, "ಅಜ್ಜಿಗೆ ಎರಡು ಕಣ್ಣೂ ಚೆನ್ನಾಗಾಯ್ತಾ?" ಅಂತ ಕೇಳಿದರು.

"ಅದಲ್ಲ ಈಗ ಮುಖ್ಯ!" ಅಂತ ರೇಗಿದೆ.

"ಮುಖ್ಯನೇ ಕಣೇ. ನಲ್ಲಿ ಹತ್ರ ಕೊಡ ಇಡಾಕೆ ತಡವರಿಸೋಳು. ನಾನೇ ಎಷ್ಟು ಸಲ ನೋಡಿದ್ದೆ, ಕೋರ್ಟಲ್ಲಿ ಹೊಳೀಲೇ ಇಲ್ಲ ನೋಡು."

ಅವತ್ತಿನಿಂದ ಅವರ ಬಾಯಲ್ಲಿ ಒಂದೇ ಮಾತು. ಅಜ್ಜಿಯನ್ನು ಕೋರ್ಟು ಇನ್ನೊಂದು ಸಲ ಕೇಳಬೇಕು. ಹೈಕೋರ್ಟಿಗೆ ಅರ್ಜಿ ಹೋಯಿತು. ತೀರ್ಪಾದ ಮೇಲೆ ಸಾಕ್ಷಿಗಳು ಮಾತು ಬದಲಿಸುವುದು ಹೊಸದೇನಲ್ಲ, ಯಾರೋ ಹೆದರಿಸಿರುತ್ತಾರೆ, ಇಲ್ಲವೇ ಏನೋ ಕೊಟ್ಟಿರುತ್ತಾರೆ ಅಂತ ಸರ್ಕಾರದ ವಕೀಲರು ವಾದ ಮಾಡಿದರು. ಆ ಮಾತಿನಲ್ಲೂ ನ್ಯಾಯವಿತ್ತು. ನಾನೇ ಆ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆನೇನೋ. ಮುಂದಕ್ಕೆ, ಮತ್ತೂ ಮುಂದಕ್ಕೆ ಅಂತ ದಿನ ಹೋದವು. ಕಾಫಿ ಹೂವಾಗಿ, ಕಾಯಾಗಿ, ಹಣ್ಣಾಯಿತು. ಅಷ್ಟರಲ್ಲಿ ಎಸ್ಟೇಟಿನಲ್ಲಿ ಸುದ್ದಿ ಹಬ್ಬಿ, ಅಜ್ಜಿ ತಾನಾಗಿಯೇ ಲೈನ್ ಮನೆ ಖಾಲಿ ಮಾಡಿ ಆಲೂರಿನ ಕಡೆ ಇದ್ದ ಮಗಳ ಮನೆ ಸೇರಿದಳು. "ಬಿಡಿಸೋಕೆ ಮುಂಚೆ ಬಿಟ್ಬುಟ್ಟೆ" ಅಂದಳಂತೆ.

ಕೊನೆಗೆ ಹೈಕೋರ್ಟು ಒಪ್ಪಿತು. ಅಜ್ಜಿಯನ್ನೂ ಪೊರೆ ತೆಗೆದ ಕಣ್ಣಿನ ಡಾಕ್ಟರನ್ನೂ ಹಾಸನದ ಕೋರ್ಟು ವಿಚಾರಿಸಿ, ಹೇಳಿಕೆಗಳನ್ನು ಬೆಂಗಳೂರಿಗೆ ಕಳಿಸಬೇಕು ಅಂತ ಆಜ್ಞೆಯಾಯಿತು.

ಆ ದಿನ ಮಗಳಿಗೆ ಹೊಸ ಲಂಗ ಹಾಕಿ ಕರೆದುಕೊಂಡು ಹೋದೆ. ಪೊಲೀಸರ ನಡುವೆ ಬಂದ ಅಪ್ಪನನ್ನು ನೋಡಿ ಅವಳು ನನ್ನ ಹಿಂದೆ ಅವಿತುಕೊಂಡಳು, ಆಮೇಲೆ ಮೆಲ್ಲಗೆ ಕೈ ಬೀಸಿದಳು. ಅಜ್ಜಿ ಕಟಕಟೆ ಹತ್ತಿದಳು. ನಾನು ಅಂದುಕೊಂಡಷ್ಟು ಚೆನ್ನಾಗಿ ಏನೂ ನಡೆಯಲಿಲ್ಲ. ಬೆಂಕಿ ಬಿದ್ದ ವರ್ಷ ತಪ್ಪು ಹೇಳಿದಳು. ಯಾವ ಕಣ್ಣಿಗೆ ಮೊದಲು ಆಪರೇಷನ್ ಆಯಿತು ಅಂದರೆ ಎರಡನ್ನೂ ಮುಟ್ಟಿಕೊಂಡಳು. ಮಧ್ಯೆ ನೀರು ಕೇಳಿದಳು.

ಸರ್ಕಾರದ ವಕೀಲರು ಕೇಳಿದರು, "ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಅವತ್ತಿಂದು ಸುಳ್ಳು ಸ್ವಾಮಿ."

"ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಜೈಲಾಗಬಹುದು, ಗೊತ್ತಾ?" ಅಂದರು ನ್ಯಾಯಾಧೀಶರು. ಗದರಿಸಿದ ಹಾಗಿರಲಿಲ್ಲ, ತಿಳಿಸಿದ ಹಾಗಿತ್ತು.

ಅಜ್ಜಿ ಕಟಕಟೆಯ ಕಂಬಿ ಹಿಡಿದುಕೊಂಡೇ ನನ್ನವರ ಕಡೆ ನೋಡಿದಳು. "ಗೊತ್ತೈತೆ ಸ್ವಾಮಿ. ಅವ್ನು ಇದ್ದಾನಲ್ಲ ಇಷ್ಟು ದಿನ. ನಾನೂ ಇರ್ತೀನಿ."

ಡಾಕ್ಟರ್ ಬಂದು, ಎರಡೂ ಕಣ್ಣಿನ ಪೊರೆ ಬಹಳ ಹಳೆಯದು, ಬೆಂಕಿ ಬಿದ್ದ ಕಾಲಕ್ಕೇ ಅಷ್ಟು ದೂರದ ಮನುಷ್ಯರನ್ನು ಗುರುತಿಸುವುದು ಕಷ್ಟವಿತ್ತು ಅಂದರು. ಅಲ್ಲಿಗೆ ಮುಗಿಯಿತು. ಹೊರಗೆ ಬಂದಾಗ ಅಜ್ಜಿ ಮರದ ಕೆಳಗೆ ಕೂತಿದ್ದಳು. ನಾನು ವಕೀಲೆಯ ಮುಖ ನೋಡಿದೆ. "ಈಗ ಕುಡಿಸಬಹುದು" ಅಂದರು. ನಾವು ಮೂವರು ಹೆಂಗಸರು, ಜೊತೆಗೆ ಮಗಳು, ಕೋರ್ಟಿನ ಎದುರಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅಜ್ಜಿಗೆ ಹಲ್ಲಿರಲಿಲ್ಲ, ಗರಿಯಾದ ಅಂಚನ್ನೆಲ್ಲ ಮಗಳ ತಟ್ಟೆಗೆ ಹಾಕಿದಳು.

ಮುಂದಿನ ಬೇಸಿಗೆಯಲ್ಲಿ ಅಪೀಲು ನಮ್ಮ ಕಡೆ ಆಯಿತು. ತೀರ್ಪಿನಲ್ಲಿ 'ಸಂಶಯದ ಲಾಭ' ಅಂತ ಬರೆದಿತ್ತು. ನನ್ನವರಿಗೆ ಆ ಪದದ ಮೇಲೆ ಸಿಟ್ಟು. "ಮಾಡಿಲ್ಲ ಅಂತ ಬರೀಬಹುದಿತ್ತಲ್ಲ. ಸಂಶಯ ಅಂದ್ರೆ ಏನರ್ಥ?" ಅಂತ ಬಹಳ ದಿನ ಗೊಣಗುತ್ತಿದ್ದರು. ಬೆಂಕಿ ಯಾರಿಂದ ಬಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಜ್ಜಿಯ ವಯಸ್ಸನ್ನೂ ಅವಳೇ ಮುಂದೆ ಬಂದದ್ದನ್ನೂ ನೋಡಿ ಅವಳ ಮೇಲೆ ಕ್ರಮ ಬೇಡ ಅಂತ ಕೋರ್ಟು ಬಿಟ್ಟುಬಿಟ್ಟಿತು.

ನನ್ನವರು ಬಿಡುಗಡೆಯಾಗಿ ಬಂದ ಮೇಲಿನ ಒಂದು ಸಂತೆಗೆ ಅಜ್ಜಿ ಬಂದಳು. ನನ್ನವರು ಮಳಿಗೆಯ ಬಾಗಿಲಲ್ಲಿ ನಿಂತು, ಮುಖ ಗಂಟಿಕ್ಕಿಕೊಂಡು ಕೇಳಿದರು. "ಏನಜ್ಜಿ, ಈಗ್ಲಾದ್ರೂ ನಾನು ಕಾಣ್ತೀನಾ?"

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಕಾಣ್ತೀಯ ಕಣೋ. ದಪ್ಪ ಆಗ್ಬುಟ್ಟಿದ್ದೀಯ" ಅಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನವರು ಪಕ್ಕದಲ್ಲಿ ಕೂತು ಅವಳ ಅಳು ಮುಗಿಯುವವರೆಗೆ ರಸ್ತೆ ನೋಡುತ್ತಿದ್ದರು.

ಗಂಡ ಬಂದ ಮೇಲೆ ಹೊಲಿಗೆ ಬಿಡುತ್ತಾಳೆ ಅಂತ ಪೇಟೆಯವರೆಲ್ಲ ಅಂದುಕೊಂಡಿದ್ದರು. ನಾನು ಬಿಡಲಿಲ್ಲ. ನನ್ನವರು ಪಕ್ಕದಲ್ಲೇ ಒಂದು ಶೆಡ್ ಹಾಕಿ ಪಂಪ್‌ಸೆಟ್ ರಿಪೇರಿ ಶುರು ಮಾಡಿದರು. ಮದುವೆಗಳ ಕಾಲದಲ್ಲಿ ನನಗೆ ಹೊಲಿಗೆಯಿಂದ ತಲೆ ಎತ್ತಲೂ ಪುರಸೊತ್ತಿರುತ್ತಿರಲಿಲ್ಲ, ಬೆಳಗಿನ ತಿಂಡಿ ಮಾಡುವ ಕೆಲಸ ಅವರದಾಯಿತು. ಜೈಲಿನ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕಲಿತ ಕೈ, ಅಳತೆ ಇಳಿಸುವುದು ಅವರಿಗೆ ಬರಲೇ ಇಲ್ಲ. ಮೊದಲ ದಿನ ಮೂವರಿಗೆ ಅಂತ ಮಾಡಿದ ಉಪ್ಪಿಟ್ಟು ಪಕ್ಕದ ಸೈಕಲ್ ಶಾಪು, ಹೂವಿನ ಅಂಗಡಿ, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರಿಗೂ ಹಂಚಿದರೂ ಮಿಕ್ಕಿತು.