ಹೆಜ್ಜೆ ತಪ್ಪಿಸಿದ ಟಕ್ ಟಕ್

ಇವತ್ತು ಬೆಳಿಗ್ಗೆ ಚಹಾ ಮಾಡಲು ಗ್ಯಾಸ್ ಲೈಟರ್ ಒತ್ತಿದೆ. ಟಕ್. ಹತ್ತಲಿಲ್ಲ. ಟಕ್ ಟಕ್ ಟಕ್. ಕೈ ಒತ್ತುತ್ತಲೇ ಇತ್ತು, ನಾನು ಮಾತ್ರ ಎಂಬತ್ತರ ದಶಕಕ್ಕೆ ಹೋಗಿಬಿಟ್ಟಿದ್ದೆ.

ಆಗ ರಾಯಚೂರಿನ ಒಂದು ಕಿವಿ ಆಸ್ಪತ್ರೆಯಲ್ಲಿ ಮಷಿನ್ ನಡೆಸುವವನು ನಾನು. ಕುರ್ಡಿ ಎಂಬ ಹಳ್ಳಿಯ ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ. ಹಲಗೆ ಬಾರಿಸುವ ಅಪ್ಪ ನನ್ನ ಪದವಿ ಪತ್ರವನ್ನು ಹಲಗೆಯ ಪಕ್ಕದ ಗೂಟಕ್ಕೇ ತೂಗುಹಾಕಿದ್ದ. ಎರಡನ್ನೂ ಆಗಾಗ ಬಿಸಿಲಿಗೆ ಹಿಡಿಯುತ್ತಿದ್ದ.

ಆ ಮಷಿನ್ನಿನ ಬಗ್ಗೆ ನಿಮಗೆ ಹೇಳಬೇಕು. ತಲೆಗೆ ತಂತಿ ಅಂಟಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು, ಟಕ್ ಟಕ್ ಎಂದು ಸಾವಿರಾರು ಸದ್ದು ಬಿಡುತ್ತಿದ್ದೆವು. ಪ್ರತಿ ಸದ್ದಿಗೂ ಮೆದುಳಿನಲ್ಲಿ ಒಂದೆಳೆ ಕರೆಂಟು ಮಿಸುಕುತ್ತದೆ. ಒಂದೇ ಸಲಕ್ಕೆ ಅದು ಕಾಣದು, ಸಂತೆಯೊಳಗಿನ ಪಿಸುಮಾತಿನ ಹಾಗೆ. ಸಾವಿರ ಸಲದ್ದನ್ನು ಒಂದರ ಮೇಲೊಂದು ಕೂಡಿಸಿದರೆ ಗದ್ದಲ ತನ್ನಲ್ಲೇ ಹೊಡೆದಾಡಿ ಸಾಯುತ್ತದೆ, ಪಿಸುಮಾತು ಉಳಿಯುತ್ತದೆ. ಇದನ್ನು ವಿವರಿಸುವಾಗ ನಾನು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ. ಕಣ್ಣು ಚೆನ್ನಾಗಿಯೇ ಇದ್ದವು.

ಒಂದು ದಿನ ಅಕ್ಕ ತನ್ನ ಮೂರು ವರ್ಷದ ಮಗಳು ದುರ್ಗಿಯನ್ನು ಕರೆತಂದಳು, ಜೊತೆಗೆ ಅಪ್ಪ. ಹುಡುಗಿ ಇನ್ನೂ ಒಂದು ಮಾತೂ ಆಡಿರಲಿಲ್ಲ. ಕಿವಿ ಕೇಳುತ್ತದೋ ಇಲ್ಲವೋ ತಿಳಿಯಬೇಕಿತ್ತು. ಅಕ್ಕನ ತೊಡೆಯ ಮೇಲೆ ಅವಳು ನಿದ್ದೆ ಹೋದಳು. ನಾನು ಸೆಕೆಂಡಿಗೆ ಸರಿಯಾಗಿ ಹತ್ತು ಟಕ್ ಇಟ್ಟೆ. ಪರದೆಯ ಮೇಲೆ ದೊಡ್ಡ ದೊಡ್ಡ ಅಲೆ.

"ಅಕ್ಕಾ, ಛಲೋ ಕೇಳಸ್ತದ. ಮಾತು ತಡ ಆಗ್ಯಾದ, ಅಷ್ಟೇ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ ಮಷಿನ್ನಿಗೆ ಕಿವಿಗೊಟ್ಟು ನಿಂತಿದ್ದ.

"ಲೇ, ಆ ಕೂಸಿನ ಕಿವಿ ಮ್ಯಾಲಿಂದು ತೆಗಿ, ನೋಡೂಣು."

ತೆಗೆದೆ. ಅಲೆಗಳು ಹಾಗೇ ಇದ್ದವು. ಹೆಡ್‌ಫೋನ್ ಮೇಜಿನ ಮೇಲಿತ್ತು. ಅಂದರೆ ಮೇಜಿಗೂ ಛಲೋ ಕೇಳಿಸುತ್ತಿತ್ತು.

"ಈ ಡಬ್ಬಿ ಗುಂಯ್ ಅಂತದಲ್ಲ, ಯಾತಕ್ಕ?"

"ಕರೆಂಟು, ಯಪ್ಪಾ. ಸೆಕೆಂಡಿಗೆ ಐವತ್ತು ಸಲ ಮಿಡೀತದ. ನನ್ನ ಟಕ್ ಹತ್ತು."

"ನಿಂದು ಹತ್ತು. ಅದರ ಐದು ಪೆಟ್ಟಿಗೆ ನಿಂದೊಂದು, ತಪ್ಪದಂಗ. ಎದುರಿಗೆ ಇನ್ನೊಂದು ಮೇಳ ಬಂದಾಗ ಅವರ ತಾಳಕ್ಕ ನಾವು ಹೊಡದ್ರ ನಮ್ಮ ಹಲಗಿ ಯಾವುದಂತ ಯಾರಿಗೆ ತಿಳೀಬೇಕು? ನಾವು ಹೆಜ್ಜಿ ತಪ್ಪಸ್ತೀವಿ. ಬಿಎಸ್ಸಿಯಾಗ ಇದು ಹೇಳಿಲ್ಲೇನು?"

ಹೇಳಿದ್ದರು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹತ್ತನ್ನು ಹನ್ನೊಂದು ಮಾಡಿದೆ. ದೊಡ್ಡ ಅಲೆಗಳು ಕರಗಿಹೋದವು; ಅವು ಕೂಸಿನ ಕಿವಿಯದ್ದಲ್ಲ, ಗೋಡೆಯ ಕರೆಂಟಿನದ್ದು. ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಹೆಡ್‌ಫೋನನ್ನು ಮತ್ತೆ ಕಿವಿಗಿಟ್ಟು ಸದ್ದು ಏರಿಸುತ್ತಾ ಹೋದೆ. ಬಹಳ ಜೋರು ಮಾಡಿದ ಮೇಲೆ ಸಣ್ಣದೊಂದು ಅಲೆ ತಲೆಯೆತ್ತಿತು. ಹೆಡ್‌ಫೋನ್ ತೆಗೆದರೆ ಇಲ್ಲ, ಇಟ್ಟರೆ ಇದೆ. ಮೂರು ಸಲ ನೋಡಿದೆ.

"ಜೋರು ಅಂದ್ರ ಕೇಳಸ್ತದ, ಅಕ್ಕಾ. ಕಿವಿಗೆ ಮಷಿನ್ ಹಾಕಬೇಕು. ಮಾತು ಬರ್ತದ."

"ಈಗರ ಖರೇ ಹೇಳಾಕತ್ತೀಯಿಲ್ಲೋ?" ಎಂದಳು ಅಕ್ಕ.

ನನ್ನ ಮೊದಲ ಮಾತು ನಂಬಿ ಅವರು ಊರಿಗೆ ಹೋಗಿದ್ದರೆ ಏನಾಗುತ್ತಿತ್ತು? ಇಷ್ಟು ವರ್ಷವಾದರೂ ಆಗಾಗ ಅದನ್ನೇ ಯೋಚಿಸುತ್ತೇನೆ.

ಟಕ್ ಟಕ್ ಟಕ್.

ನಿನ್ನೆ ಮಾನ್ವಿಯಿಂದ ಬಂದಿರುವ ದುರ್ಗಿ ಈಗ ಶಾಲೆ ಟೀಚರ್. ನಡುಮನೆಯಲ್ಲಿ ಕಿವಿಗೆ ಮಷಿನ್ ಸಿಕ್ಕಿಸಿಕೊಂಡು ಪೇಪರ್ ಓದುತ್ತಿದ್ದವಳು ಅಲ್ಲಿಂದಲೇ ಕೂಗಿದಳು:

"ಮಾವಾ, ಎಷ್ಟೊತ್ತು ಬಡೀತಿ ಅದನ್ನ? ಸಿಲಿಂಡರಿನ ಗುಂಡಿ ತಿರುವೀಯೇನು ಮೊದಲು?"

ತಿರುವಿರಲಿಲ್ಲ. ತಿರುವಿ ಒಲೆ ಹಚ್ಚಿದೆ. ಆಮೇಲೆ ಲೈಟರನ್ನು ಬೆನ್ನ ಹಿಂದೆ ಹಿಡಿದು, ಮೆಲ್ಲಗೆ ಇನ್ನೊಂದು ಸಲ ಒತ್ತಿದೆ.

"ಅದೂ ಕೇಳಸ್ತು," ಎಂದಳು.