ಮೈನ್ ಆಫ್ ಮಾಡಿದ ಮೇಲೂ ಉರಿದ ಬಲ್ಬು

ಆಯುಧಪೂಜೆಯಲ್ಲಿ ನಮ್ಮನೆ ಕರೆಂಟಿನ ಎಂಸಿಬಿ ಬಾಕ್ಸಿಗೆ ಗಂಧ ಹಚ್ಚುವುದು ನಮ್ಮ ಯಜಮಾನರ ಕೆಲಸ. ಒಂದು ಬೊಟ್ಟಿಟ್ಟರೆ ಅವರಿಗೆ ಸಾಲದು. ನೀರುನೀರಾಗಿ ಕಲಸಿ ಸ್ವಿಚ್ಚಿಗೆಲ್ಲ ಬಳಿದು, ಸಂದಿಗೆ ಚೆಂಡುಹೂ ತುರುಕಿ ಮುಚ್ಚಳ ಹಾಕಿಬಿಡುತ್ತಾರೆ. ಆಮೇಲೆ ಆ ಹೂವನ್ನು ಕೇಳುವವರಿಲ್ಲ.

ಈ ಸಲ ಕಾರ್ತಿಕದಲ್ಲಿ ಹಾಲಿನ ಫ್ಯಾನು ನಿಂತು, ಸುಟ್ಟ ವಾಸನೆ ಬಂತು. ಮುಚ್ಚಳ ತೆಗೆದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಕೊಳೆತು ಅಂಟಂಟಾದ ಹೂವು, ಜಿರಲೆ ಹಿಕ್ಕೆ, ಹಲ್ಲಿ ಮೊಟ್ಟೆಯ ಸಿಪ್ಪೆ, ನಡುವೆ ಕರಗಿ ಕಪ್ಪಾದ ಎಂಸಿಬಿ. ಪೂಜೆ ಅಂತ ಮಾಡಿ ಇಷ್ಟು ಹೊಲಸು ಸಾಕಿದ್ದೆವು.

ಯಜಮಾನರು ಮಂಡಿ ಮೊಹಲ್ಲಾದ ಅಂಗಡಿಯಿಂದ ಹೊಸದು ತಂದು, ತಾವೇ ಬಿಚ್ಚಲು ನಿಂತರು. ಬಾಯಲ್ಲಿ ಎಲೆಯಡಿಕೆ, ತೊಳೆದ ಕೈ ಇನ್ನೂ ಒದ್ದೆ.

"ಕೈ ಒರೆಸ್ಕೊಳ್ರೀ. ಕರೆಂಟಿನ ಹತ್ರ ಹೋಗ್ತಿದೀರ."

"ಮೈನ್ ಆಫ್ ಮಾಡಿದೀನಿ ಕಣೇ. ಇನ್ನೂ ಭಯವಾದ್ರೆ ನಿನ್ನ ಚಾಮುಂಡಿಗೆ ಹೇಳು, ಕಾಯ್ಲಿ."

"ಈ ಡಬ್ಬಿ ನೋಡಿದ್ರೆ ಅವಳೂ ಮೂಗು ಮುಚ್ಕೋತಾಳೆ."

ಫ್ರಿಜ್ಜಿನ ಸದ್ದು ನಿಂತಿತ್ತು. ಅವರು ಸ್ಕ್ರೂಡ್ರೈವರ್ ಹಿಡಿದು ಬೆರಳು ಒಳಗೆ ಹಾಕುವಾಗ ನಾನು ಆ ಕಡೆ ನೋಡಲಾರದೆ ದೇವರ ಮನೆಗೆ ಮುಖ ತಿರುಗಿಸಿದೆ. ಅಲ್ಲಿ ಬಲ್ಬು ಉರಿಯುತ್ತಿತ್ತು.

"ರೀ, ಕೈ ತೆಗೀರಿ! ಇನ್ವರ್ಟರ್ ಓಡ್ತಿದೆ!"

"ಅದು ದೇವರ ಮನೆ ಲೈನು. ಇದು ಹಾಲಿಂದು."

"ಕರೆಂಟ್ ಹೋದಾಗ ಹಾಲಲ್ಲಿ ಫ್ಯಾನ್ ಕೆಳಗೆ ಕೂರೋರು ಯಾರು? ಟೆಸ್ಟರ್ ಇಟ್ಟು ನೋಡ್ರೀ!"

ಗೊಣಗುತ್ತಲೇ ಕೈ ಒರೆಸಿಕೊಂಡು ಟೆಸ್ಟರ್ ಇಟ್ಟರು. ಕೆಂಪಗೆ ಹೊತ್ತಿತು. ಬೆರಳಿಡಬೇಕೆಂದಿದ್ದ ತಿರುಪಿನ ಮೇಲೇ.

ಹೋಗಿ ಇನ್ವರ್ಟರ್ ಆಫ್ ಮಾಡಿ ಬಂದರು. ದೇವರ ಮನೆ ಕತ್ತಲಾಯಿತು. ಟೆಸ್ಟರನ್ನು ಒಂದೊಂದು ತಿರುಪಿಗೂ ಇಟ್ಟು ನೋಡಿದರು, ಹೊತ್ತಲಿಲ್ಲ. ಆಗಲೇ ತಿರುಪು ಸಡಿಲಿಸಿ, ವೈರು ಬಿಡಿಸಿ, ಕೆಳಗಿನ ಕೊಂಡಿ ಎಳೆದು ಎಂಸಿಬಿ ಕಿತ್ತರು. ಜೊತೆಗೆ ಜೀವವಿದ್ದ ಜಿರಲೆಯೊಂದು ಅವರ ಅಂಗೈಗೇ ಬಿತ್ತು. ಕೊಡವಿ ಹಾಕಿದರು.

ಹೊಲಸೆಲ್ಲ ಒಣ ಬ್ರಶ್ಶಿನಲ್ಲಿ ಗುಡಿಸಿ ತೆಗೆದು, ಹೊಸದನ್ನು ಕೂರಿಸಿದ್ದಾಯಿತು. ಅವರು ಊಟಕ್ಕೆ ಕೂತರು. ಸೋಪು ಹಾಕಿ ಉಜ್ಜಿಸಿದ್ದರೂ ಆ ಕೈ ಅನ್ನ ಕಲಸುವುದನ್ನು ನೋಡಲು ನನಗೆ ಅಸಹ್ಯವೇ. ಆದರೂ ಕಲಸಲು ಕೈಯಿದೆಯಲ್ಲ, ತಾಯಿ ಚಾಮುಂಡಿ. ಮುಖ ಆ ಕಡೆ ಮಾಡಿಕೊಂಡೇ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದೆ.