ಕ್ವಾನ್ಸಿಮಾಳ ಇನ್ನೊಂದು ಕಾಲು

ಎಲ್ಮಿನಾದ ಕಡಲದಂಡೆಯಲ್ಲಿ ಮೀನಿಗೆ ಹೊಗೆ ಹಾಕುವ ಹೆಂಗಸರಲ್ಲಿ ಕ್ವಾನ್ಸಿಮಾಳದೇ ಮೊದಲ ಹೆಸರು. ಅವಳ ಒಲೆಯಿಂದ ಇಳಿದ ಮೀನು ದೂರದ ಕುಮಾಸಿ ಪಟ್ಟಣ ಮುಟ್ಟಿದರೂ ಕೆಡುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅಂಟಿ ವರ್ಷಗಳಾಗಿದ್ದವು. ಮಾತ್ರೆ ಇದ್ದಾಗ ನುಂಗುವಳು, ಮುಗಿದರೆ ಬೇವಿನೆಲೆಯ ಕಷಾಯ ಕುಡಿಯುವಳು. ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆಯನ್ನು ಅರ್ಧ ಮುರಿದು ಮಗಳ ತಟ್ಟೆಗೆ ಹಾಕಿದರೆ ಜೊತೆಯ ಹೆಂಗಸರು ಬಿಡುತ್ತಿರಲಿಲ್ಲ.

"ಏನಕ್ಕಾ, ಗುಬ್ಬಚ್ಚಿ ಜೊತೆ ಪಂದ್ಯ ಕಟ್ಟಿದೀಯಾ?"

ನಾಚಿಕೆಯಾಗಿ ಆ ಅರ್ಧವನ್ನೂ ವಾಪಸ್ ತೆಗೆದುಕೊಂಡು ತಿಂದುಬಿಡುವಳು.

ಪಾದ ಜೋಮುಗಟ್ಟಿದ್ದು ಯಾವಾಗಿನಿಂದ ಎಂದು ಅವಳಿಗೇ ತಿಳಿಯದು. ಮೊದಮೊದಲು ಸುಖವೇ ಎನಿಸಿತ್ತು. ರಾತ್ರಿ ನಿದ್ದೆಗೆಡಿಸುತ್ತಿದ್ದ ಪಾದದ ಉರಿ ನಿಂತಿತ್ತಲ್ಲ!

ಬೂತಾಯಿ ಮೀನಿನ ಸುಗ್ಗಿಯ ಒಂದು ಮಧ್ಯಾಹ್ನ ಮಗಳು ಅಜೋವಾ ಮೂಗು ಅರಳಿಸಿದಳು.

"ಅವ್ವಾ, ಏನೋ ಸುಟ್ಟ ವಾಸನೆ."

"ಮೀನಿಂದು ಕಣೇ. ಜಾಲರಿ ತಿರುವು."

"ಮೀನಿಂದಲ್ಲ. ಅವ್ವಾ, ನಿನ್ನ ಕಾಲು!"

ಚಪ್ಪಲಿಯೊಳಗೆ ಕೆಂಡ ಬಿದ್ದು, ಪಾದಕ್ಕೂ ಅಟ್ಟೆಗೂ ನಡುವೆ ನಿಗಿನಿಗಿ ಎನ್ನುತ್ತಿತ್ತು. ಕ್ವಾನ್ಸಿಮಾ ಅದನ್ನು ಯಾರದೋ ಕಾಲೆಂಬಂತೆ ನೋಡುತ್ತ ನಿಂತಳು.

ಗಾಯ ಮಾಯಲಿಲ್ಲ, ಕೀವಾಯಿತು. ಬೆರಳು ತೆಗೆಯಬೇಕೆಂದರು ಡಾಕ್ಟರು. ಮನೆತನದ ಹಿರಿಯನಾದ ಅಣ್ಣ ಎಸುಮಾನ್ ಗುಡುಗಿದ: "ನಮ್ಮ ವಂಶದಲ್ಲಿ ಯಾರೂ ತುಂಡಾಗಿ ಮಣ್ಣಿಗೆ ಹೋಗಿಲ್ಲ. ಕೊಯ್ಯೋ ಮಾತು ಎತ್ತಬೇಡಿ." ಸೊಪ್ಪು ಅರೆದು ಕಟ್ಟಿಸಿದ. ಕಟ್ಟು ಬಿಚ್ಚಿದಾಗ ಕಾಲು ಗಿಣ್ಣಿನವರೆಗೆ ಕಪ್ಪಾಗಿತ್ತು. ಆಮೇಲೆ ಬೆರಳಿಗೆ ಮುಗಿಯಲಿಲ್ಲ, ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಲ್ಲರಿಗಿಂತ ಜೋರಾಗಿ ಅತ್ತವನು ಎಸುಮಾನನೇ. ಅವನನ್ನು ಬೈಯಲೂ ಅವಳಿಗೆ ತ್ರಾಣವಿರಲಿಲ್ಲ.

ಹೊಲಿಗೆ ಬಿಚ್ಚಿದ ದಿನ ನರ್ಸು ಇನ್ನೊಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಕೈಯಲ್ಲಿ ಮೊಂಡು ಸೂಜಿಯಿತ್ತು.

"ಚುಚ್ಚಿದ್ದು ಗೊತ್ತಾದ್ರೆ ಹೇಳಮ್ಮ."

ಸೂಜಿ ಇಳಿಯುವುದನ್ನೇ ದಿಟ್ಟಿಸಿ ಕ್ವಾನ್ಸಿಮಾ "ಹ್ಞೂಂ" ಎಂದಳು. ಮತ್ತೊಮ್ಮೆ, "ಹ್ಞೂಂ."

"ಈಗ ಕಣ್ಣು ಮುಚ್ಕೋ."

ಮುಚ್ಚಿದಳು. ಹೊರಗೆ ಯಾರೋ ಕೆಮ್ಮಿದರು. ಇಷ್ಟು ಹೊತ್ತಿಗೆ ಚುಚ್ಚಿರಬೇಕು ಎಂದುಕೊಂಡು, "ಹ್ಞೂಂ, ಗೊತ್ತಾಯ್ತು" ಎಂದಳು.

"ನಾನಿನ್ನೂ ಮುಟ್ಟೇ ಇಲ್ವಲ್ಲಮ್ಮ."

ಪಕ್ಕದಲ್ಲಿ ನಿಂತಿದ್ದ ಅಜೋವಾ ಗೋಡೆಯತ್ತ ಮುಖ ತಿರುಗಿಸಿದಳು.

ಈಗ ಒಲೆ ಮಗಳದು. ಕ್ವಾನ್ಸಿಮಾಳನ್ನು ಅದರ ಬಳಿ ಬಿಡುವುದಿಲ್ಲ. ಅಂಗಳದಾಚೆ ಕುಳಿತು ಅವಳು ಉಳಿದ ಪಾದವನ್ನು ಒತ್ತಿ ಒತ್ತಿ ನೋಡುತ್ತಾಳೆ. ಯಾರಾದರೂ ಬಂದರೆ ಉಟ್ಟ ಬಟ್ಟೆಯನ್ನೆಳೆದು ಮುಚ್ಚಿಕೊಳ್ಳುತ್ತಾಳೆ.